ಅಕ್ಕನನ್ನು ಕೂರಿಸಿದ್ದು

ನವೆಂಬರ್ ೧೪, ಶುಕ್ರವಾರ. ಕುರುಗೋಡು.

ಭಾವನ ಹಟ ನೆನೆದರೆ ನಿದ್ದೆ ಬಾರದು. ಅಕ್ಕ ಕೊಟ್ರಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್. ಇನ್ನು ಚಿಕಿತ್ಸೆಯಿಲ್ಲ, ಸಂಕಟ ಕಡಿಮೆ ಮಾಡುವುದಷ್ಟೇ ಎಂದು ಬಳ್ಳಾರಿಯ ಡಾಕ್ಟರು ಮನೆಗೆ ಕಳಿಸಿದ್ದಾರೆ. ಸಂಜೆ ಔಷಧಿ ಕೊಡಲು ಬಂದ ನರ್ಸ್ ನೇತ್ರಾ ಹೇಳಿದಳು: "ಮಲಗಿಸಿದ್ರ ಉಸಿರು ಕಟ್ತೈತ್ರಿ. ಗೋಡಿಗೆ ಆನಿಸಿ ಕುಂದ್ರಸ್ರಿ."

ಭಾವ ಗವಿಸಿದ್ದಪ್ಪ ಒಪ್ಪಲಿಲ್ಲ. ನಮ್ಮ ಜನ ಹಾಗೆ ಕೂರಿಸುವುದು ತೀರಿಕೊಂಡವರನ್ನು. ಅವರಪ್ಪನನ್ನು ಅದೇ ಗೋಡೆಗೆ ಆನಿಸಿ ವಿಭೂತಿ ಹಚ್ಚಿದ್ದು ನನಗೂ ನೆನಪಿದೆ. ಅದಕ್ಕಾಗಿ ಬದುಕಿರುವವಳು ಉಸಿರಿಗೆ ಒದ್ದಾಡಬೇಕೇ? ಈ ಮನೆಯ ಕಪಾಟಿನ ತುಂಬ ವಚನ ಸಂಪುಟಗಳಿವೆ, ಓದಿದವರು ಯಾರೋ!

ನಾನು ಕೂಗಾಡಿದೆ. ಭಾವ ನನ್ನ ಮೇಲೆ ತಿರುಗಿಬಿದ್ದರು: "ಲೇ, ಜೀವ ಇದ್ದಾಕಿನ್ನ ಹೆಣದಂಗ ಕುಂದ್ರಸಂತೀಯಲ್ಲ, ನಿನಗ ಹೆಂಗರ ಬಾಯಿ ಬರ್ತೈತಿ?"

ಅಕ್ಕ ಕಣ್ಣು ತೆರೆದಳು. "ಸತ್ತ ಮ್ಯಾಲ ಹೂವಿನಾಗ ಕುಂದ್ರಸ್ತೀರಿ. ಆಗ ನನಗೇನ್ ಸುಖ? ಈಗ ಕುಂದ್ರಸ್ರಿ."

ಭಾವ ಅವಳನ್ನು ಎತ್ತಿ ಕೂರಿಸಿದರು. ಆದರೆ ಗೋಡೆಗಲ್ಲ, ತಾವೇ ಹಿಂದೆ ಕೂತು ಬೆನ್ನಿಗೆ ಬೆನ್ನು ಕೊಟ್ಟರು. ಅವಳು ನಿದ್ದೆಹೋದಳು, ಎಷ್ಟೋ ದಿನಗಳ ಮೇಲೆ.

ಈಗಲೂ ಹಾಗೇ ಕೂತಿದ್ದಾರೆ. ಕೆಮ್ಮು ಬಂದರೂ ತಡೆದುಕೊಳ್ಳುತ್ತಿದ್ದಾರೆ. ಸ್ವಲ್ಪ ಹೊತ್ತು ನಾನು ಕೂರುತ್ತೇನೆಂದು ಹೋದೆ, ಕೈಯಲ್ಲೇ ಬೇಡವೆಂದರು.