ಹಿಟ್ನಾಳದ ಹೊಲಿಗೆಯವಳ ಕಾಗದದ ಆದಾಯ

ಸಾಲದ ದೂರುಗಳನ್ನು ವಿಚಾರಿಸುವ ಮಾನ್ಯ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚಾಗಿದೆ. ಪಕ್ಕದ ಮನೆಯ ಲಲಿತಾಳಿಗೆ ಬ್ಯಾಂಕಿನವರು ಸಾಲ ಕೊಟ್ಟರೆಂದಲ್ಲ, ಕೇಳಿದಷ್ಟು ಕೊಡಲಿಲ್ಲವೆಂದು! ನನಗೆ ಮಾತ್ರ ಫೈನಾನ್ಸ್ ಕಂಪನಿಯವರು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟುಹೋದರು, ಅದೂ ಬ್ಯಾಂಕಿನ ಎರಡೂವರೆ ಪಟ್ಟು ಬಡ್ಡಿಗೆ. ಈ ಸಾಲ ನನ್ನ ಶಕ್ತಿಗೆ ಮೀರಿದ್ದು ಎಂಬ ನನ್ನ ದೂರನ್ನು ತಾವು ‘ಆದಾಯ ಪರಿಶೀಲನೆ ಕ್ರಮಬದ್ಧವಾಗಿದೆ’ ಎಂದು ವಜಾ ಮಾಡಿದ್ದೀರಿ. ಆ ಕ್ರಮ ಯಾವುದೆಂದು ಊರಿಗೆಲ್ಲ ತಿಳಿಯಲಿ.

ಲಲಿತಾಳ ಗಂಡ ಕೊಪ್ಪಳದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ಮೇಲೊಂದು ಮಹಡಿ ಕಟ್ಟಲು ಅವರು ಸಾಲ ಕೇಳಿದಾಗ ಬ್ಯಾಂಕಿನವರು ಮನೆಗೇ ಬಂದು, ಚಾಪೆಯ ಮೇಲೆ ಕೂತು, ಸಂಬಳದ ಚೀಟಿ ನೋಡಿ, ಅತ್ತೆಯ ಔಷಧಿಯ ಖರ್ಚನ್ನೂ ವಿಚಾರಿಸಿದರು. ಕೊನೆಗೆ, “ಇಷ್ಟ್ ಸಾಲ ನಿಮಗ ಭಾರ ಆಗ್ತೈತ್ರಿ, ಅರ್ಧ ತಗೋರಿ” ಅಂದರು. ಲಲಿತಾ ಅಂಗಳದ ಮೋಟುಗೋಡೆಯಾಚೆ ನಿಂತು ನನ್ನೆದುರು ಅತ್ತಳು. “ನಿನಗಾದ್ರ ಕೇಳಿದ ಕೂಡ್ಲೇ ಕೊಟ್ರು ನೋಡವಾ, ಪುಣ್ಯಾ ಮಾಡೀದಿ” ಅಂದಳು. ಅವಳು ಮಹಡಿ ಕಟ್ಟುವ ಸುದ್ದಿ ಕೇಳಿಯೇ ಉರಿಯುತ್ತಿದ್ದ ನನಗೆ ಅಂದು ಒಳಗೊಳಗೇ ಎಷ್ಟು ಹಿಗ್ಗಾಯಿತೆಂದರೆ, ಆ ಸಾಲದಲ್ಲಿ ಕೊಂಡ ನನ್ನ ಹೊಸ ಕಸೂತಿ ಮಷಿನ್ನನ್ನು ಅವಳಿಗೆ ಕಾಣುವಂತೆ ಬಾಗಿಲಿಗೇ ಇಟ್ಟೆ.

ಸಾಲ ಕೊಡುವ ಮುನ್ನ ನನ್ನ ಮನೆಗೂ ಫೈನಾನ್ಸಿನ ಒಬ್ಬ ಪರಿಶೀಲಕ ಬಂದಿದ್ದ, ಸ್ವಾಮಿ. ಬೈಕಿನಿಂದ ಇಳಿಯಲಿಲ್ಲ.

“ತಿಂಗಳಿಗೆ ಎಷ್ಟ್ ಬರ್ತೈತ್ರಿ, ಅಕ್ಕಾರ?”

“ಮದುವಿ ಸೀಜನ್ನಿನ್ಯಾಗ ಐದಾರು ಸಾವಿರ. ಉಳಿದಂಗ ಏನೂ ಹೇಳಾಕ ಬರಲ್ರಿ.”

“ಹಂಗ ಬರದ್ರ ಸಾಲ ಪಾಸ್ ಆಗಂಗಿಲ್ರಿ. ಇಪ್ಪತ್ತೈದು ಸಾವಿರ ಅಂತ ಹಾಕ್ತೀನಿ. ಇಲ್ಲೊಂದು ಸಹಿ ಮಾಡ್ರಿ.”

ನನ್ನ ಗಂಡ ಯಮನೂರ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಶ್ರಾವಣದಲ್ಲಿ ಮೂಟೆ ಜಾರಿ ಬಿದ್ದು ಅವರ ಸೊಂಟ ಮುರಿಯಿತು. ಕಂತು ನಿಂತಿತು. ವಸೂಲಿಯವರು ಬಂದು ಹೊಸ್ತಿಲ ಮೇಲೆ ಕೂತು, “ಹಾಸಿಗಿ ಹಿಡದವ್ರನ್ನ ಎಬ್ಬಸ್ರಿ, ಮಾತಾಡ್ತೀವಿ” ಎಂದರು. ಬಟ್ಟೆ ಹೊಲಿಸಲು ಬಂದವರೆಲ್ಲ ಅವರನ್ನು ಕಂಡು ಹಿಂದಿರುಗಿದರು. ಮಷಿನ್ನನ್ನು ಅರ್ಧ ಬೆಲೆಗೆ ಮಾರಿ ಹಣ ಕಟ್ಟಿದೆ. ಅದು ಬಡ್ಡಿಗೆ ಹೋಯಿತು. ಅಸಲು ಹಾಗೇ ಇದೆ.

ತಮ್ಮ ಕಚೇರಿಗೆ ಬಂದೆ. “ಸಹಿ ನಿಮ್ದೇ ಐತಲ್ರೀ?” ಎಂದರು ತಮ್ಮ ಸಿಬ್ಬಂದಿ.

“ಸಹಿ ನಂದೇರಿ. ಆದಾಯ ಅವರದು” ಎಂದೆ. ಅವರು ನಕ್ಕರು. ನಗುವಂಥದ್ದು ಏನಿತ್ತು, ಸ್ವಾಮಿ? ಇಪ್ಪತ್ತೈದು ಸಾವಿರ ದುಡಿಯುವವಳು ಇಂಥ ಬಡ್ಡಿಗೆ ಕೈ ಒಡ್ಡುವಳೇ ಎಂಬ ಪ್ರಶ್ನೆ ಇಡೀ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಕಳೆದ ವಾರ ಲಲಿತಾ ತಾನಾಗಿಯೇ ಬಂದಳು. “ಆವತ್ತು ಆ ಬೈಕಿನಂವಾ ಅಂದಿದ್ದನ್ನ ಗೋಡಿ ಆಚಿಂದ ನಾ ಕೇಳೀನಿ. ಯಾರ ಮುಂದ ಬೇಕಾದ್ರೂ ಹೇಳ್ತೀನಿ” ಎಂದಳು. ತಮ್ಮ ತೀರ್ಮಾನದ ವಿರುದ್ಧ ಸಾಕ್ಷಿ ಹೇಳಿದರೆ ಗಂಡನ ಸರ್ಕಾರಿ ನೌಕರಿಗೆ ತೊಂದರೆಯಾದೀತೆಂದು ಎಚ್ಚರಿಸಿದೆ. “ಆಗ್ಲಿ ಬಿಡು” ಅಂದಳು. ಅವಳ ಜಾಗದಲ್ಲಿ ನಾನಿದ್ದರೆ ಹೀಗೆ ಅನ್ನುತ್ತಿದ್ದೆನೋ ಇಲ್ಲವೋ. ಈಗ ಅವಳ ಮಹಡಿಗಿಂತ ಅವಳ ಮನಸ್ಸಿನ ಮೇಲೆ ನನಗೆ ಹೆಚ್ಚು ಹೊಟ್ಟೆಕಿಚ್ಚು.

ಆದ್ದರಿಂದ ನನ್ನ ದೂರನ್ನು ಮತ್ತೆ ತೆರೆಯಿರಿ. ಲಲಿತಾಳ ಹೇಳಿಕೆ ಪಡೆಯಿರಿ. ವಸೂಲಿ ನಿಲ್ಲಿಸಿ, ನನ್ನ ನಿಜವಾದ ದುಡಿಮೆಯನ್ನು ನೋಡಿ ಸಾಲವನ್ನು ಹೊಸದಾಗಿ ನಿಗದಿ ಮಾಡಿಸಿರಿ. ಮನ್ನಾ ಕೇಳುತ್ತಿಲ್ಲ, ಲಲಿತಾಳಿಗೆ ಸಿಕ್ಕ ವಿಚಾರಣೆಯನ್ನಷ್ಟೇ ಕೇಳುತ್ತಿದ್ದೇನೆ.

ಇಂತಿ,
ತಮ್ಮ ಕಡತದಲ್ಲಿ ಮಾತ್ರ ಸ್ಥಿತಿವಂತಳಾದ
ರೇಣುಕಾದೇವಿ, ಹಿಟ್ನಾಳ