ಕಲೆಯಿಲ್ಲದ ಗಿಟುಕು

ಬೇಲೂರು
ಜೂನ್ 12, 2003

ನನ್ನ ಮೊಂಡು ಅಪ್ಪಾಜಿಗೆ,

ಅಮ್ಮ ಇದನ್ನು ಓದುವಾಗ ನೀವು ಗೋಡೆಯ ಕಡೆ ಮುಖ ತಿರುಗಿಸುತ್ತೀರಿ. ತಿರುಗಿಸಿಕೊಳ್ಳಿ, ಕಿವಿ ಈ ಕಡೆಯೇ ಇರುತ್ತದೆ.

ನಾನು ಇಲ್ಲಿ ಎಷ್ಟು ಸುಖವಾಗಿದ್ದೇನೆಂದರೆ ನನಗೇ ನಾಚಿಕೆಯಾಗುತ್ತದೆ. ನಿಮ್ಮ ಅಳಿಯ ಮಹಾಂತೇಶ್ ಬ್ಯಾಂಕಿಗೆ ಹೊರಡುವ ಮುಂಚೆ ನನಗೆ ಕಾಫಿ ಮಾಡಿಕೊಡುತ್ತಾರೆ. ತುಂಬ ಕೆಟ್ಟ ಕಾಫಿ, ನಾನು ಎರಡು ಲೋಟ ಕುಡಿಯುತ್ತೇನೆ. ಹೋದ ಭಾನುವಾರ ಸ್ಕೂಟರಿನಲ್ಲಿ ಹಳೇಬೀಡಿಗೆ ಹೋಗಿ, ಕೆರೆ ಏರಿಯ ಮೇಲೆ ಕಡಲೆಕಾಯಿ ತಿನ್ನುತ್ತ ಕೂತು, ದೇವಸ್ಥಾನ ನೋಡುವುದನ್ನೇ ಮರೆತು ಬಂದೆವು. ಇದನ್ನೆಲ್ಲ ನಿನ್ನೆ ಫೋನಿನಲ್ಲಿ ಉಸಿರು ಬಿಡದೆ ಹೇಳುತ್ತಿದ್ದೆ. ಅಮ್ಮ ತಡೆದರು. "ನಿಮ್ಮಪ್ಪ ಮತ್ತೆ ಮಾತ್ರೆ ನುಂಗ್ತಿಲ್ಲ ಕಣೇ. ಹತ್ತು ದಿನದ್ದು ದಿಂಬಿನ ಚೀಲದಲ್ಲಿ ಸಿಕ್ತು. ಆಷಾಢಕ್ಕೆ ನೀನು ಬರ್ತೀಯಲ್ಲ, ವಾಪಸ್ ಕಳಿಸೋವಾಗ ಮಡಿಲಿಗೆ ಕೊಬ್ಬರಿ ತಾವೇ ಬಿಡಿಸಬೇಕಂತೆ. ಎಡಗೈಲಿ ಮಚ್ಚು ಹಿಡಿಯೋದು ಕಲೀತಾ ಅವ್ರೆ."

ಅಪ್ಪಾಜಿ, ಒಂದು ಸಲ ಸಾಲದೇ?

ಎರಡು ವರ್ಷದ ಹಿಂದೆ ಅರಸೀಕೆರೆ ಮಂಡಿಯಲ್ಲಿ, ಕೊಬ್ಬರಿ ಚೀಲಗಳ ನಡುವೆ ನೀವು ಕುಸಿದು ಕೂತಾಗ ಡಾಕ್ಟರ್ ಹೇಳಿದ್ದರು: ಮೆದುಳಿನ ರಕ್ತನಾಳ ಮತ್ತೆ ಕಟ್ಟಿಕೊಳ್ಳದಿರಬೇಕಾದರೆ ಈ ಮಾತ್ರೆ ದಿನಾ ಬೇಕು, ನನ್ನನ್ನು ಕೇಳದೆ ಒಂದು ದಿನವೂ ಬಿಡಬೇಡಿ, ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಒತ್ತಿ ಹಿಡಿಯಿರಿ. ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿಯನ್ನು ನಾನೇ ಓದಿ, ದೊಡ್ಡ ಪಂಡಿತೆಯ ಹಾಗೆ ಕನ್ನಡದಲ್ಲಿ ವಿವರಿಸಿದ್ದೆ. ದಿನಾ ಊಟವಾದ ಮೇಲೆ ಮಾತ್ರೆ ನಿಮ್ಮ ಅಂಗೈಗಿಟ್ಟು, ನುಂಗುವವರೆಗೆ ನಿಂತಿರುತ್ತಿದ್ದೆ. "ಜೈಲಿನ ವಾರ್ಡನ್ ಕಣವ್ವ ನೀನು" ಅನ್ನುತ್ತಿದ್ದಿರಿ.

ಆಮೇಲೆ, ಈ ಬೇಸಿಗೆಯಲ್ಲಿ, ನನ್ನ ಮದುವೆ ಬಂತು. ಮಗಳ ಮಡಿಲಕ್ಕಿಯ ಕೊಬ್ಬರಿಯನ್ನು ತಂದೆಯೇ ಬಿಡಿಸಬೇಕೆನ್ನುವುದು ನಮ್ಮ ಕಣಕಟ್ಟೆ ಮನೆಯ ಪದ್ಧತಿ. ಅಟ್ಟದಿಂದ ಕಾಯಿ ಇಳಿಸಿ ಕೂತಿರಿ. ಮಚ್ಚು ಹೆಬ್ಬೆರಳಿಗೆ ತಾಗಿತು, ಬಿಳೀ ಕೊಬ್ಬರಿ ಗಿಟುಕಿನ ಮೇಲೆ ರಕ್ತ ಹರಿಯಿತು, ನಿಲ್ಲಲೇ ಇಲ್ಲ. ನಿಮ್ಮ ಅಕ್ಕ, ನಮ್ಮ ಸುಮಿತ್ರತ್ತೆ, ಬಾಗಿಲಲ್ಲೇ ನಿಂತಿದ್ದರು. "ಏನ್ಲಾ ದೇವೀರ, ಹೆಣ್ಣಿನ ಮಡಿಲಿಗೆ ರಕ್ತ ತುಂಬಿ ಕಳಿಸ್ತೀಯಾ? ಆ ಹಾಳು ಮಾತ್ರೆ ನಿಲ್ಸು, ಶುಭಕಾರ್ಯ ಮುಗೀಲಿ." ಅಂದೇ ನಿಲ್ಲಿಸಿದಿರಿ. ಹದಿನೈದು ದಿನ.

ನನಗೆ ಗೊತ್ತಿತ್ತು, ಅಪ್ಪಾಜಿ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಬೀರುವಿನಿಂದ ಸೀರೆ ತೆಗೆಯುವಾಗ ತುಂಬಿದ ಮಾತ್ರೆಯ ಪಟ್ಟಿ ಕಂಡಿತು. ಕೇಳಿದೆ. "ಮದುವೆ ಮುಗಿದ ಮಾರನೇ ದಿನವೇ ಶುರು ಮಾಡ್ತೀನವ್ವ, ನಿನ್ನಾಣೆ" ಅಂದಿರಿ. ಅಷ್ಟರಲ್ಲಿ ಮಹಾಂತೇಶ್ ಫೋನ್ ಬಂತು, ನಾನು ನಗುತ್ತ ಓಡಿದೆ. ವಾರ್ಡನ್‌ಗೆ ಅಷ್ಟೇ ಸಾಕಾಯಿತು.

ನೀವು ಹೇಳಿದ ಮಾರನೇ ದಿನ ಬಂತು. ಬೀಗರ ಊಟಕ್ಕೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ನನ್ನ ಹೆಸರು ಕರೆಯಲು ಹೋದಿರಿ. 'ಅರುಣಾ' ಅರ್ಧಕ್ಕೇ ನಿಂತಿತು, ಬಲಗೈ ಜೋತುಬಿತ್ತು. ಆಸ್ಪತ್ರೆಯಲ್ಲಿ ಸುಮಿತ್ರತ್ತೆ "ಮದುವೆ ಅಷ್ಟು ಚೆನ್ನಾಗಾಯ್ತು, ಜನದ ಕಣ್ಣು ಬಿತ್ತು" ಎಂದು ನಿವಾಳಿಸಿದರು. ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಿಮ್ಮ ಮೇಲಿನದೂ ಇಳಿದಿಲ್ಲ. ನೀವು ತ್ಯಾಗ ಅಂದುಕೊಂಡಿರಿ. ನನಗೆ ಮಾತ್ರ ನೀವು ಪೂರ್ತಿ ಕರೆಯದ ಹೆಸರೊಂದು ಉಳಿಯಿತು. ಎಲ್ಲರೂ ಅದೃಷ್ಟವಂತೆ ಎನ್ನುವ ಈ ಮದುವೆಯ ಸುಖದಲ್ಲಿ, ನಾನು ನಕ್ಕಾಗೆಲ್ಲ ಆ ಅರ್ಧ ಹೆಸರು ಕೇಳಿಸುತ್ತದೆ.

ಮಾತ್ರೆ ನಿಲ್ಲಿಸಿದ ಮೇಲೆ ನೀವು ಹೊಸದಾಗಿ ಬಿಡಿಸಿ ಮಡಿಲಿಗಿಟ್ಟ ಆ ಐದು ಗಿಟುಕು ನನ್ನ ಅಡುಗೆಮನೆಯ ಡಬ್ಬದಲ್ಲಿವೆ. ಒಂದು ಚುಕ್ಕೆ ಕಲೆಯಿಲ್ಲ. ಅತ್ತೆಮನೆಯವರೆಲ್ಲ ಹೊಗಳಿದರು. ನಾನು ಒಂದು ಚೂರೂ ಬಾಯಿಗಿಟ್ಟಿಲ್ಲ.

ಆಷಾಢಕ್ಕೆ ಬರುತ್ತೇನೆ. ಈ ಪತ್ರ ಓದಿ ಮುಗಿಸಿದ ತಕ್ಷಣ ಅಮ್ಮ ನಿಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹತ್ತು ದಿನ ಬಿಟ್ಟಿದ್ದನ್ನು ಅವರಿಗೆ ಹೇಳಿ, ಅವರ ಮಾತಿನಂತೆ ಮಾತ್ರೆ ಶುರುವಾಗಬೇಕು. ಆಮೇಲೆ ಎಡಗೈಯಲ್ಲೋ ಬಲಗೈಯಲ್ಲೋ ಕೊಬ್ಬರಿ ಬಿಡಿಸಿ, ಬೇಡ ಅನ್ನುವುದಿಲ್ಲ. ಬಟ್ಟೆ ಹಿಡಿದು ಪಕ್ಕದಲ್ಲೇ ಕೂತಿರುತ್ತೇನೆ. ಬೆರಳು ಕೊಯ್ದರೆ ರಕ್ತ ನಿಲ್ಲುವವರೆಗೆ ನಾನೇ ಒತ್ತಿ ಹಿಡಿಯುತ್ತೇನೆ. ಆ ಕಲೆಯ ಗಿಟುಕನ್ನೇ ಸುಮಿತ್ರತ್ತೆಯ ಎದುರಿಗೆ ನನ್ನ ಮಡಿಲಿಗೆ ಹಾಕಬೇಕು, ಅದನ್ನೇ ಸೆರಗಲ್ಲಿ ಕಟ್ಟಿಕೊಂಡು ಹೋಗುತ್ತೇನೆ. ಮಾತ್ರೆ ಬಿಟ್ಟು ಬಿಡಿಸಿದ್ದೆಂದು ಗೊತ್ತಾದರೆ, ಮಡಿಲನ್ನು ಅಲ್ಲೇ ಹೊಸಿಲ ಮೇಲೆ ಸುರಿದು ಬೇಲೂರಿನ ಬಸ್ಸು ಹತ್ತುತ್ತೇನೆ.

ನಿಮ್ಮ ನಾಲಿಗೆ ನನ್ನ ಹೆಸರಿನ ಉಳಿದರ್ಧವನ್ನು ಹುಡುಕಿಕೊಳ್ಳಲಿ. ಆತುರವಿಲ್ಲ, ನೀವು ಇದ್ದರೆ ಸಾಕು.

ನಿಮ್ಮ ವಾರ್ಡನ್,
ಅರುಣಾ