ಗೇಟಿನ ಮುಂದಿನ ಮೌನ

ಮಾರ್ಚ್ ೧೧, ಮಂಗಳವಾರ

ಚಿತ್ರ ಪ್ರದರ್ಶನ ಮುಗಿದ ಮೇಲೆ, ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಿದ್ದ ಅಕ್ಕ ಕೇಳಿದ ಮಾತು ಕಿವಿಯಿಂದ ಹೋಗುತ್ತಿಲ್ಲ. "ನಾನು ಮಾತಾಡಿದ್ದು ಎಲ್ಲಿ ಹೋಯ್ತು ತಮ್ಮಾ?"

ನಮ್ಮ ಚಿತ್ರದಲ್ಲಿ ಅವಳು ಅವಳಾಗಿಯೇ ಇದ್ದಾಳೆ. ಮುಚ್ಚಿದ ಕಾರ್ಖಾನೆಯ ಗೇಟಿನ ಮುಂದೆ ಊಟದ ಡಬ್ಬಿ ಹಿಡಿದು ಎರಡು ನಿಮಿಷ ನಿಂತಿರುತ್ತಾಳೆ. ಅಳುವಿಲ್ಲ, ಸಂಗೀತವಿಲ್ಲ, ಕ್ಯಾಮೆರಾ ಅಲುಗುವುದಿಲ್ಲ. ಜನ ಉಸಿರು ಬಿಗಿಹಿಡಿದು ನೋಡಿದರು. ವಿಮರ್ಶಕರೊಬ್ಬರು, "ಆ ಮೌನ ಒಂದೇ ಸಾಕು ಕಣ್ರೀ," ಎಂದು ನನ್ನ ಕೈ ಕುಲುಕಿದರು.

ನಿಜಕ್ಕೂ ಅವಳು ಸುಮ್ಮನಿರಲಿಲ್ಲ. ಚಿತ್ರೀಕರಣದ ದಿನ ನಮ್ಮ ಕಡೆ ತಿರುಗಿ, "ಸರ್, ನೀವು ದೊಡ್ಡೋರು. ಒಳಗೆ ಹೋಗಿ ಒಂದ್ಮಾತು ಹೇಳಿ, ನಮ್ಮನ್ನ ವಾಪಸ್ ತಗೊಳ್ಳಲಿ," ಎಂದಿದ್ದಳು. "ಬೇಡಿಕೊಂಡ್ರೆ ನಾಟಕ ಆಗುತ್ತೆ, ಆ ಮಾತು ತೆಗೆದುಹಾಕಿ," ಎಂದರು ನಿರ್ದೇಶಕರು. ಸಂಕಲನ ನನ್ನದು. ಅವಳ ತುಟಿ ತೆರೆಯುವ ಮುಂಚೆಯೇ ಕತ್ತರಿಸಿದೆ. ಅಚ್ಚುಕಟ್ಟಾಗಿ ಬಂತೆಂದು ಬೀಗಿದ್ದೆ ಕೂಡ.

"ಸ್ವಲ್ಪ ಉದ್ದ ಆಗಿತ್ತಕ್ಕ," ಎಂದೆ ಇವತ್ತು.

"ಒಂದು ಮಾತಲ್ವಾ," ಎಂದಳು. ಕೋಪವೂ ಇರಲಿಲ್ಲ. ಗೇಟು ಈಗಲೂ ಮುಚ್ಚಿದೆಯಂತೆ. ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ವಿಮರ್ಶಕರಿಗೆ ಒಂದು ವಿಷಯ ಹೇಳಲಿಲ್ಲ. ಅವಳು ನಿಂತಿದ್ದಾಗ ಹಿಂದೆ ರಸ್ತೆಯಲ್ಲಿ ಲಾರಿಗಳ ಗದ್ದಲವಿತ್ತು. ಅದನ್ನು ತೆಗೆದು, ಅವತ್ತು ಅದೇ ಜಾಗದಲ್ಲಿ ಮುದ್ರಿಸಿಕೊಂಡ ಧ್ವನಿಯಲ್ಲೇ ನಿಶ್ಶಬ್ದದ ತುಣುಕೊಂದನ್ನು ಹುಡುಕಿ ಜೋಡಿಸಿದ್ದೆ. ಸಿಕ್ಕಿದ್ದು ಒಂದೇ, ಅವಳು ನಮ್ಮನ್ನು ಕೇಳಿಕೊಂಡು ಮುಗಿಸಿದ ಮರುಕ್ಷಣದ್ದು. ನನ್ನನ್ನೂ ಸೇರಿಸಿ ಹನ್ನೆರಡು ಜನ ಅಲ್ಲಿದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ.

ಇವತ್ತು ಜನ ಉಸಿರು ಬಿಗಿಹಿಡಿದು ಕೇಳಿದ್ದು ನಮ್ಮ ಆ ಮೌನವನ್ನೇ. ನಾಳೆ ಇನ್ನೆರಡು ಪ್ರದರ್ಶನ.